ಬೂಮ್ ಲಿಫ್ಟ್, ಸಿಸರ್ ಲಿಫ್ಟ್ ಮೇಲೆ ಸಿಕ್ಕಿಕೊಂಡವರನ್ನು ಇಳಿಸೋದು ಯಾರು, ಹೇಗೆ? ರೆಸ್ಕ್ಯೂ ಪ್ಲಾನ್‌ನಲ್ಲಿ ಏನಿರಬೇಕು?

ಹೊಸಕೋಟೆ_ಗೋದಾಮು

ಹೊಸಕೋಟೆ ಹತ್ತಿರದ ಗೋದಾಮೊಂದರಲ್ಲಿ ಸ್ಪ್ರಿಂಕ್ಲರ್ ಪೈಪು, ಕೇಬಲ್ ಟ್ರೇ ಕೆಲಸ ಶುರುವಾಗ್ತಿದೆ. ಛಾವಣಿ 11 ಮೀಟರ್. ಬಾಡಿಗೆಗೆ ಬರ್ತಿರೋದು 32 ಅಡಿಯ ಎರಡು ಎಲೆಕ್ಟ್ರಿಕ್ ಸಿಸರ್ ಲಿಫ್ಟ್ (ಕತ್ತರಿ ತೋಳುಗಳ ಮೇಲೆ ಡೆಕ್ ನೇರ ಮೇಲೇರುವ ಮಷಿನ್), 45 ಅಡಿಯ ಒಂದು ಆರ್ಟಿಕ್ಯುಲೇಟೆಡ್ ಬೂಮ್ (ಮಡಚುವ ತೋಳಿನ ತುದಿಯಲ್ಲಿ ಜನ ನಿಲ್ಲುವ ಬಾಸ್ಕೆಟ್ ಇರುವಂಥದ್ದು). ಕಾಂಟ್ರಾಕ್ಟರ್ ಕೊಟ್ಟ ಮೆಥಡ್ ಸ್ಟೇಟ್‌ಮೆಂಟ್ ದಪ್ಪಗೇ ಇದೆ, ಆದರೆ ರೆಸ್ಕ್ಯೂ ಅನ್ನೋ ತಲೆಬರಹದ ಕೆಳಗೆ ಒಂದೇ ಸಾಲು: ‘ತುರ್ತು ಸಂದರ್ಭದಲ್ಲಿ 101 ಹಾಗೂ 108ಕ್ಕೆ ಕರೆ ಮಾಡಲಾಗುವುದು.’

ಪರ್ಮಿಟ್‌ಗೆ ಸಹಿ ಹಾಕಬೇಕಾದವನು ನಾನು. ಇದನ್ನು ವಾಪಸ್ ಕಳಿಸೋದಂತೂ ಖಚಿತ. ಅದರ ಬದಲು ಏನು ಬರೆಸಬೇಕು, ಸೈಟಲ್ಲಿ ನಿಂತು ಏನು ಮಾಡಿಸಿ ನೋಡಬೇಕು? ಬಲ್ಲವರು ವಿವರವಾಗಿ ಹೇಳಿ.

ಇಎಚ್‌ಎಸ್_ಬೊಮ್ಮಸಂದ್ರ

ವಾಪಸ್ ಕಳಿಸಿ. 101, 108 ಎರಡೂ ಪ್ಲಾನ್‌ನಲ್ಲಿ ಇರಲೇಬೇಕು, ಆದರೆ ಅವು ಮನುಷ್ಯ ನೆಲಕ್ಕೆ ಬಂದ ಮೇಲಿನ ಅಥವಾ ನಮ್ಮ ಕೈಯಲ್ಲಿ ಆಗದೇ ಹೋದ ಮೇಲಿನ ಮಾತು. ಬೀಮಿಗೂ ಬಾಸ್ಕೆಟ್‌ನ ಕಂಟ್ರೋಲ್ ಪ್ಯಾನೆಲ್‌ಗೂ ಮಧ್ಯೆ ಎದೆ ಸಿಕ್ಕಿಕೊಂಡವನಿಗೆ ಉಸಿರಾಡಲು ಆಗುತ್ತಿರುವುದಿಲ್ಲ. ಉಸಿರು ನಿಂತ ನಾಲ್ಕೈದು ನಿಮಿಷದಲ್ಲಿ ಮೆದುಳಿಗೆ ಹಾನಿ ಶುರುವಾಗುತ್ತದೆ. ಸಂಜೆ ಆರಕ್ಕೆ ಕೆ.ಆರ್. ಪುರ ದಾಟಿ ಹೊಸಕೋಟೆಗೆ ಗಾಡಿ ಬರಲು ಎಷ್ಟು ಹೊತ್ತು ಬೇಕು ಅನ್ನೋದು ಎಲ್ಲರಿಗೂ ಗೊತ್ತಿರುವ ವಿಷಯ. ಅಗ್ನಿಶಾಮಕ ಇಲಾಖೆಯ ಹತ್ತಿರ 90 ಮೀಟರ್ ಏರುವ ಏಣಿ ಇದ್ದರೂ ಅದು ನಿಮ್ಮ ಗೋದಾಮಿನ ಎರಡು ರ‍್ಯಾಕ್‌ಗಳ ಸಂದಿಗೆ ಬರೋದಿಲ್ಲ.

ನಿಜವಾದ ಪ್ಲಾನ್‌ಗೆ ಒಂದು ಕ್ರಮ ಇದೆ. ಇಂಥ ಮಷಿನ್‌ಗಳ ಅಂತರರಾಷ್ಟ್ರೀಯ ಸಂಘಟನೆ ಐಪಿಎಎಫ್‌ನ ಮಾರ್ಗದರ್ಶನವೂ ಇದೇ ದಾರಿಯಲ್ಲಿದೆ. ಮೊದಲು, ಮೇಲಿರುವವನೇ ತನ್ನ ಮಾಮೂಲಿ ಕಂಟ್ರೋಲ್‌ನಿಂದ ಇಳಿಯುವುದು. ಅದು ಕೈಕೊಟ್ಟರೆ ಬಾಸ್ಕೆಟ್‌ನಲ್ಲೇ ಇರುವ ಆಕ್ಸಿಲರಿ (ತುರ್ತು ಪಂಪ್‌ನ) ಸ್ವಿಚ್. ಅವನಿಗೆ ಆಗದಿದ್ದರೆ ಕೆಳಗೆ ನಿಂತವನು ಗ್ರೌಂಡ್ ಕಂಟ್ರೋಲ್‌ನಿಂದ ಇಳಿಸುವುದು. ಪವರ್ರೇ ಇಲ್ಲದಿದ್ದರೆ ಕೆಳಗಿನ ಆಕ್ಸಿಲರಿ ಅಥವಾ ಮ್ಯಾನ್ಯುವಲ್ ಲೋಯರಿಂಗ್. ಇದ್ಯಾವುದೂ ಆಗದಿದ್ದಾಗ ಮಾತ್ರ ಇನ್ನೊಂದು ಮಷಿನ್ ತಂದು ಬಾಸ್ಕೆಟ್‌ನಿಂದ ಬಾಸ್ಕೆಟ್‌ಗೆ ದಾಟಿಸುವುದು.

ಇದರಲ್ಲಿ ಪ್ರಾಣ ಉಳಿಸುವ ಹಂತ ಮೂರನೆಯದು: ಕೆಳಗೆ ನಿಂತವನು. ಹೆಸರು ಹೇಳಿ ನೇಮಿಸಿದ, ಅದೇ ಮಷಿನ್ನನ್ನು ಅದೇ ದಿನ ಕೆಳಗಿನಿಂದ ಇಳಿಸಿ ತೋರಿಸಿದ, ಬೇರೆ ಕೆಲಸ ಹಚ್ಚಿಸಿಕೊಳ್ಳದ ಒಬ್ಬ ಮನುಷ್ಯ. ಅವನಿಲ್ಲದಿದ್ದರೆ ಮಿಕ್ಕಿದ್ದೆಲ್ಲ ಬರೀ ಕಾಗದ.

ಕಾನೂನಿನ ಮಾತು ಯಾರಾದರೂ ಎತ್ತಿದರೆ: ಬ್ರಿಟನ್ನಿನ 2005ರ ವರ್ಕ್ ಅಟ್ ಹೈಟ್ ನಿಯಮದಲ್ಲಿ ತುರ್ತು ರಕ್ಷಣೆ ಯೋಜನೆಯ ಭಾಗ. ಅಮೆರಿಕದ ಎ92.22 ಮಾನದಂಡ ಲಿಖಿತ ರೆಸ್ಕ್ಯೂ ಪ್ಲಾನ್ ಕೇಳುತ್ತದೆ. ನಮ್ಮಲ್ಲಿ ಮಷಿನ್ ಬಾಡಿಗೆಗೆ ಕೊಡುವವರೇ ಈ ದಾಖಲೆಗಳ ಪ್ರಕಾರ ಮ್ಯಾನ್ಯುವಲ್ ಇಟ್ಟುಕೊಂಡಿರುತ್ತಾರೆ, ಆದ್ದರಿಂದ ‘ಇಲ್ಲಿ ಇದೆಲ್ಲ ಇಲ್ಲ’ ಅನ್ನೋ ಉತ್ತರ ಒಪ್ಪಬೇಡಿ.

ಬೂಮ್_ಮೆಕ್ಯಾನಿಕ್

ಮೇಲಿನ ಕ್ರಮ ಸರಿ. ಆದರೆ ‘ಗ್ರೌಂಡ್ ಕಂಟ್ರೋಲ್‌ನಿಂದ ಇಳಿಸುವುದು’ ಅಂತ ಒಂದೇ ಉಸಿರಿಗೆ ಹೇಳಿಬಿಟ್ಟರೆ ಕಷ್ಟ. ಪ್ಯಾನೆಲ್ ಎದುರು ನಿಂತಾಗ ಏನೇನು ಎದುರಾಗುತ್ತೆ ಬರೀತೀನಿ.

ಬೂಮ್‌ನಲ್ಲಿ ಪ್ಯಾನೆಲ್ ಇರೋದು ಟರ್ನ್‌ಟೇಬಲ್‌ನ (ಬೂಮ್ ಹೊತ್ತು ತಿರುಗುವ ಬುಡದ) ಪಕ್ಕದಲ್ಲಿ, ಮುಚ್ಚಳದ ಒಳಗೆ. ಮೊದಲ ತೊಡಕು ಈ ಮುಚ್ಚಳವೇ. ರಾತ್ರಿ ಯಾರೂ ಮುಟ್ಟದಿರಲಿ ಅಂತ ಬೀಗ ಹಾಕಿ, ಬೆಳಗ್ಗೆ ತೆಗೆಯೋದು ಮರೆತಿರ್ತಾರೆ. ಎರಡನೆಯದು, ಟರ್ನ್‌ಟೇಬಲ್ ತಿರುಗಿ ಪ್ಯಾನೆಲ್ ಇರುವ ಬದಿ ಗೋಡೆಗೋ ರ‍್ಯಾಕಿಗೋ ಅಂಟಿಕೊಂಡಿರುತ್ತೆ, ಕೈ ಹಾಕಲು ಜಾಗ ಇರಲ್ಲ. ಕೆಲಸದ ಜಾಗ ನಿಗದಿ ಮಾಡುವಾಗಲೇ ಪ್ಯಾನೆಲ್ ಯಾವ ಬದಿಗೆ ಬರುತ್ತೆ ನೋಡಿ ನಿಲ್ಲಿಸಬೇಕು.

ಮುಚ್ಚಳ ತೆಗೆದರೆ ಒಂದು ಕೀ ಸ್ವಿಚ್, ಮೂರು ಸ್ಥಾನ: ಪ್ಲಾಟ್‌ಫಾರ್ಮ್, ಆಫ್, ಗ್ರೌಂಡ್. ಪಕ್ಕದಲ್ಲಿ ಕೆಂಪು ಎಮರ್ಜೆನ್ಸಿ ಸ್ಟಾಪ್. ಆಮೇಲೆ ಒಂದು ಎನೇಬಲ್ ಬಟನ್ ಅಥವಾ ಸ್ವಿಚ್, ಅದನ್ನು ಒಂದು ಕೈಯಲ್ಲಿ ಒತ್ತಿ ಹಿಡಿದಿರಲೇಬೇಕು. ಇನ್ನೊಂದು ಕೈಯಲ್ಲಿ ಬೂಮ್ ಮೇಲೆ-ಕೆಳಗೆ, ಟೆಲಿಸ್ಕೋಪ್ (ತೋಳು ಚಾಚೋದು) ಹೊರಗೆ-ಒಳಗೆ, ಸ್ಲೂ (ಬೂಮ್ ತಿರುಗಿಸೋದು) ಎಡ-ಬಲದ ಟಾಗಲ್‌ಗಳು. ಎನೇಬಲ್ ಹಿಡಿಯದೆ ಟಾಗಲ್ ಒತ್ತಿ ‘ಮಷಿನ್ ಕೆಟ್ಟಿದೆ’ ಅಂದುಕೊಳ್ಳೋದು ಅತಿ ಸಾಮಾನ್ಯ. ಎರಡು ಕೈಯೂ ಬೇಕಾಗೋದರಿಂದ ಫೋನ್ ಹಿಡಿದುಕೊಂಡೇ ರೆಸ್ಕ್ಯೂ ಮಾಡೋಕೆ ಆಗಲ್ಲ. ಕರೆ ಮಾಡೋನು ಬೇರೆಯವನೇ ಆಗಬೇಕು, ಪ್ಲಾನ್‌ನಲ್ಲಿ ಹಾಗೇ ಬರೆಸಿ.

ಕೀ ಗ್ರೌಂಡ್‌ಗೆ ತಿರುಗಿಸಿದರೆ ಮೇಲಿನ ಕಂಟ್ರೋಲ್ ಸತ್ತುಹೋಗುತ್ತೆ. ಮೇಲಿನವನು ಬಾಸ್ಕೆಟ್‌ನ ಕೆಂಪು ಬಟನ್ ಒತ್ತಿಬಿಟ್ಟಿದ್ದರೆ? ಜೀನಿ ಕಂಪನಿಯ ಮ್ಯಾನ್ಯುವಲ್ ಪ್ರಕಾರ ಗ್ರೌಂಡ್ ಕಂಟ್ರೋಲ್ ಅದನ್ನು ಮೀರಿ ಕೆಲಸ ಮಾಡುತ್ತೆ. ಆದರೆ ಕೆಳಗಿನ ಕೆಂಪು ಬಟನ್ ಒತ್ತಿದ್ದರೆ ಮೇಲೂ ಇಲ್ಲ, ಕೆಳಗೂ ಇಲ್ಲ. ನಿಮ್ಮ ಮಷಿನ್‌ನಲ್ಲಿ ಹೇಗಿದೆ ಅನ್ನೋದನ್ನು ಬಾಸ್ಕೆಟ್ ನೆಲದಲ್ಲಿದ್ದಾಗಲೇ ಒತ್ತಿ ನೋಡಿ.

ಆಕ್ಸಿಲರಿ ಅಂದರೆ ಬ್ಯಾಟರಿಯಿಂದ ಓಡುವ ಚಿಕ್ಕ ಪಂಪ್. ಎಂಜಿನ್ ಅಥವಾ ಮುಖ್ಯ ಮೋಟಾರ್ ನಿಂತಾಗ ಇದರ ಸ್ವಿಚ್ ಹಿಡಿದುಕೊಂಡೇ ಬೇಕಾದ ಟಾಗಲ್ ಒತ್ತಬೇಕು. ಕೀ ಗ್ರೌಂಡ್‌ನಲ್ಲಿರಬೇಕು, ಕೆಂಪು ಬಟನ್ ಹೊರಗೆ ಎಳೆದಿರಬೇಕು. ನಿಧಾನ, ಶಕ್ತಿಯೂ ಕಡಿಮೆ. ಬಾಡಿಗೆ ಯಾರ್ಡ್‌ನಲ್ಲಿ ವಾರಗಟ್ಟಲೆ ನಿಂತ ಮಷಿನ್‌ನ ಬ್ಯಾಟರಿ ಎಂಜಿನ್ ಸ್ಟಾರ್ಟ್ ಮಾಡಲು ಸಾಕಾಗಬಹುದು, ಆದರೆ ಆಕ್ಸಿಲರಿಯಲ್ಲಿ ಬೂಮ್ ಪೂರ್ತಿ ಇಳಿಸುವಷ್ಟು ಉಸಿರು ಅದಕ್ಕೆ ಇರಲ್ಲ. ಆದ್ದರಿಂದ ಬೆಳಗಿನ ಪರೀಕ್ಷೆಯಲ್ಲಿ ಆಕ್ಸಿಲರಿ ‘ಟಕ್’ ಅಂದರೆ ಸಾಕು ಅಂತ ಬಿಡಬೇಡಿ. ಖಾಲಿ ಬಾಸ್ಕೆಟ್‌ ಅನ್ನು ಸ್ವಲ್ಪ ಎತ್ತಿ, ಆಕ್ಸಿಲರಿಯಲ್ಲೇ ಪೂರ್ತಿ ಕೆಳಗಿಳಿಸಿ. ಟೆಲಿಸ್ಕೋಪ್ ಒಳಗೆ ಎಳೆಯೋದು, ಸ್ಲೂ ಎರಡನ್ನೂ ಸೇರಿಸಿ ನೋಡಿ.

ಚಲನೆಯ ಕ್ರಮ: ಸಾಮಾನ್ಯವಾಗಿ ಮೊದಲು ಟೆಲಿಸ್ಕೋಪ್ ಒಳಗೆ, ಆಮೇಲೆ ಬೂಮ್ ಕೆಳಗೆ. ಚಾಚಿದ ತೋಳನ್ನು ಹಾಗೇ ಇಳಿಸಿದರೆ ಹೊರಚಾಚು ಹೆಚ್ಚಾಗಿ ಸ್ಥಿರತೆ ಕಡಿಮೆಯಾಗುತ್ತೆ. ಆದರೆ ಮನುಷ್ಯ ಸಿಕ್ಕಿಕೊಂಡಿದ್ದಾಗ ಈ ನಿಯಮ ಬೇರೆ: ಯಾವ ಚಲನೆಯಿಂದ ಸಿಕ್ಕಿಕೊಂಡನೋ ಅದರ ಉಲ್ಟಾ ಚಲನೆ ಮೊದಲು. ಬೂಮ್ ಎತ್ತುವಾಗ ಬೀಮಿಗೆ ತಾಗಿದರೆ ಬೂಮ್ ಕೆಳಗೆ, ಟೆಲಿಸ್ಕೋಪ್ ಹೋಗುವಾಗ ತಾಗಿದರೆ ಟೆಲಿಸ್ಕೋಪ್ ಒಳಗೆ. ಆರ್ಟಿಕ್ಯುಲೇಟೆಡ್‌ನಲ್ಲಿ ಕೆಳಗಿನ ತೋಳು ಇಳಿಸಿದರೆ ಬಾಸ್ಕೆಟ್ ಬರೀ ಕೆಳಗೆ ಬರಲ್ಲ, ಪಕ್ಕಕ್ಕೂ ಸರಿಯುತ್ತೆ. ಗೊತ್ತಿಲ್ಲದವನು ಒತ್ತಿದರೆ ಸಿಕ್ಕಿದವನನ್ನು ಇನ್ನಷ್ಟು ಒತ್ತಿಬಿಡ್ತಾನೆ. ಪ್ಯಾನೆಲ್ ಎದುರು ನಿಂತಾಗ ಎಡ-ಬಲ ಅನ್ನೋದು ಬಾಸ್ಕೆಟ್‌ನಲ್ಲಿರುವವನ ಎಡ-ಬಲಕ್ಕೆ ಹೊಂದಲ್ಲ, ಅದನ್ನೂ ಅಭ್ಯಾಸದಲ್ಲೇ ಕಲಿಯಬೇಕು.

ಪೀಣ್ಯ_ಮೇಂಟೆನೆನ್ಸ್

ಒಂದು ಪ್ರಶ್ನೆ. ಮೇಲಿನವನು ಜಾಯ್‌ಸ್ಟಿಕ್ ಮೇಲೆ ಬಿದ್ದು ಬಾಸ್ಕೆಟ್ ಇನ್ನೂ ಮೇಲಕ್ಕೆ ಹೋಗ್ತಾ ಇದ್ದರೆ ಕೆಳಗಿನವನು ಮೊದಲು ಕೆಂಪು ಬಟನ್ ಒತ್ತಬೇಕಲ್ವಾ? ಕೀ ತಿರುಗಿಸು ಅಂತ ಹೇಳಿಕೊಡೋದು ಸರಿಯೇ?

ಬೂಮ್_ಮೆಕ್ಯಾನಿಕ್

ಚಲನೆ ನಿಲ್ಲಿಸೋಕೆ ಎರಡೂ ಆಗುತ್ತೆ. ಕೆಂಪು ಬಟನ್ ಕಣ್ಣಿಗೆ ಬೀಳುತ್ತೆ, ಗಾಬರಿಯಲ್ಲೂ ಕೈ ಅದಕ್ಕೇ ಹೋಗುತ್ತೆ, ಹಾಗಾಗಿ ಒತ್ತಲಿ. ತೊಂದರೆ ಆಗೋದು ಆಮೇಲೆ. ಒತ್ತಿದವನು ಕೀಯನ್ನು ಗ್ರೌಂಡ್‌ಗೆ ತಿರುಗಿಸಿ ಟಾಗಲ್ ಒತ್ತುತ್ತಾನೆ, ಏನೂ ಅಲ್ಲಾಡಲ್ಲ, ಯಾಕಂದರೆ ಕೆಂಪು ಬಟನ್ ಇನ್ನೂ ಒಳಗೇ ಇದೆ. ಅಲ್ಲೇ ಒಂದೆರಡು ನಿಮಿಷ ಹೋಗಿಬಿಡುತ್ತೆ. ಅದಕ್ಕೇ ಬಾಯಿಪಾಠ ಮಾಡಿಸುವಾಗ ನಾಲ್ಕು ಹೆಜ್ಜೆ ಒಟ್ಟಿಗೇ ಹೇಳಿಕೊಡಿ: ಒತ್ತು, ಕೀ ತಿರುಗಿಸು, ಬಟನ್ ಎಳೆ, ಇಳಿಸು. ಕೀ ಗ್ರೌಂಡ್‌ಗೆ ಬಂದ ಮೇಲೇ ಬಟನ್ ಎಳೆಯಬೇಕು. ಕೀ ಪ್ಲಾಟ್‌ಫಾರ್ಮ್‌ನಲ್ಲೇ ಇದ್ದಾಗ ಎಳೆದರೆ ಮೇಲಿನ ಕಂಟ್ರೋಲ್‌ಗೆ ಮತ್ತೆ ಜೀವ ಕೊಟ್ಟ ಹಾಗಾಗುತ್ತೆ.

ಇಎಚ್‌ಎಸ್_ಬೊಮ್ಮಸಂದ್ರ

ಇದಕ್ಕೆ ಒಂದು ಸೇರಿಸ್ತೀನಿ. ಬಾಸ್ಕೆಟ್ ಬೀಮಿಗೆ ಒತ್ತಿಕೊಂಡು ನಿಂತಾಗ ಲೋಡ್ ಸೆನ್ಸರ್ ಅದನ್ನು ಓವರ್‌ಲೋಡ್ ಅಂತಲೇ ಓದಬಹುದು. ಯುರೋಪಿನ ಇಎನ್ 280 ಮಾನದಂಡದ ಪ್ರಕಾರ ಈ ವ್ಯವಸ್ಥೆ ನಿಗದಿತ ಭಾರ ದಾಟಿದ ಮೇಲೆ, 120% ಮೀರುವ ಮೊದಲು ಚಲನೆ ತಡೆಯಬೇಕು. ಆಗ ಮಾಮೂಲಿ ಕಂಟ್ರೋಲ್ ಕೆಲಸ ಮಾಡದೇ ಇರಬಹುದು, ಆಕ್ಸಿಲರಿಯೇ ಗತಿ. ಜೆಎಲ್‌ಜಿ ಕಂಪನಿಯ ಕೆಲವು ಬೂಮ್‌ಗಳಲ್ಲಿ ಎಂಎಸ್‌ಎಸ್‌ಒ ಅನ್ನೋ ಪ್ರತ್ಯೇಕ ಓವರ್‌ರೈಡ್ (ಸುರಕ್ಷತಾ ತಡೆಯನ್ನು ಮೀರಿಸುವ ಸ್ವಿಚ್) ಇರುತ್ತದೆ, ರೆಸ್ಕ್ಯೂಗೆ ಮಾತ್ರ; ಬಳಸಿದರೆ ಫಾಲ್ಟ್ ಕೋಡ್ ದಾಖಲಾಗಿ ಸರ್ವಿಸ್‌ನವರು ಬಂದು ತೆಗೆಯಬೇಕು. ‘ಬಾಡಿಗೆಯವನು ದಂಡ ಹಾಕ್ತಾನೆ’ ಅನ್ನೋ ಭಯಕ್ಕೆ ಯಾರೂ ಹಿಂಜರಿಯಬಾರದು. ಇದನ್ನು ಮೊದಲೇ ಮಾತಾಡಿ, ಪ್ಲಾನ್‌ನಲ್ಲಿ ಲಿಖಿತವಾಗಿ ಹಾಕಿಸಿ.

ರ‍್ಯಾಕಿಂಗ್_ನೆಲಮಂಗಲ

ಗೋದಾಮು ಅಂದಿದ್ದಕ್ಕೆ ಸಿಸರ್ ಬಗ್ಗೆ ಹೇಳ್ತೀನಿ, ಅದನ್ನೇ ಎಲ್ಲರೂ ಹಗುರವಾಗಿ ತಗೊಳ್ಳೋದು.

ಸಿಸರ್‌ನ ಎಮರ್ಜೆನ್ಸಿ ಲೋಯರಿಂಗ್ ಹಿಡಿಕೆ ಸಾಮಾನ್ಯವಾಗಿ ಚಾಸಿಯ ಹಿಂಬದಿಯಲ್ಲಿ, ನೆಲದಿಂದ ಮೊಣಕಾಲೆತ್ತರದಲ್ಲಿ ಇರುತ್ತದೆ. ಎಳೆದರೆ ಕೇಬಲ್ ಮೂಲಕ ಲೋಯರಿಂಗ್ ವಾಲ್ವ್ ತೆರೆದು ಪ್ಲಾಟ್‌ಫಾರ್ಮ್ ತನ್ನ ಭಾರಕ್ಕೇ ನಿಧಾನವಾಗಿ ಇಳಿಯುತ್ತದೆ. ಇಂಥದ್ದಕ್ಕೆ ಬ್ಯಾಟರಿ ಬೇಡ. ಆದರೆ ಕೆಲವು ಮಾಡೆಲ್‌ಗಳಲ್ಲಿ ಅದು ಸೊಲೆನಾಯ್ಡ್, ಕರೆಂಟ್ ಬೇಕು. ನಿಮ್ಮದು ಯಾವುದು ಅಂತ ಮ್ಯಾನ್ಯುವಲ್ ತೆಗೆದು ನೋಡಿ. ಎಳೆದು ಬಿಟ್ಟ ತಕ್ಷಣ ಇಳಿಯೋದು ನಿಲ್ಲುತ್ತೆ, ಹಿಡಿದೇ ಇರಬೇಕು.

ರ‍್ಯಾಕ್ ಸಾಲಿನಲ್ಲಿ ಆಗುವ ಎಡವಟ್ಟು ಏನಂದರೆ, ಮಷಿನ್ನನ್ನು ರಿವರ್ಸ್‌ನಲ್ಲಿ ತಂದು ಸಾಲಿನ ಕೊನೆಯ ಗೋಡೆಗೆ ಹಿಂಬದಿ ತಾಗುವಂತೆ ನಿಲ್ಲಿಸೋದು. ಹಿಡಿಕೆ ಗೋಡೆಗೂ ಮಷಿನ್‌ಗೂ ಮಧ್ಯೆ ಹೋಗಿಬಿಡುತ್ತೆ. ಇಲ್ಲವೇ ಯಾರೋ ಹಿಂದೆ ಪ್ಯಾಲೆಟ್ ತಂದಿಟ್ಟಿರ್ತಾರೆ. ಒಬ್ಬ ಮನುಷ್ಯ ಬಗ್ಗಿ ಎಳೆಯುವಷ್ಟು ಜಾಗಕ್ಕೆ ನೆಲದ ಮೇಲೆ ಹಳದಿ ಟೇಪ್ ಹಾಕಿಸಿ. ಹಿಡಿಕೆ ಎಳೆಯುವವನು ಕತ್ತರಿ ತೋಳುಗಳ ಸಂದಿಗೆ ಕೈ, ತಲೆ ಹಾಕಬಾರದು.

ಇಳಿಸುವ ಮೊದಲು ಕೆಳಗೆ ನೋಡಬೇಕು. ಡೆಕ್‌ನ ವಿಸ್ತರಣೆ ರ‍್ಯಾಕ್‌ನ ಬೀಮ್ ಮೇಲೋ ಸ್ಪ್ರಿಂಕ್ಲರ್ ಪೈಪ್ ಮೇಲೋ ಚಾಚಿದ್ದರೆ ಇಳಿಯುವಾಗ ಅದರ ಮೇಲೆ ಕೂತು ಮಷಿನ್ ವಾಲುತ್ತೆ. ಮೇಲಿನವನಿಗೆ ಪ್ರಜ್ಞೆ ಇದ್ದರೆ ಅವನಿಂದಲೇ ಡೆಕ್ ಒಳಗೆ ಎಳೆಸಿ. ಪ್ರಜ್ಞೆ ಇಲ್ಲದಿದ್ದರೆ ಸಿಸರ್ ಇಳಿಸೋದೇ ಬೇಡ ಅನ್ನುವ ಪರಿಸ್ಥಿತಿ ಬರಬಹುದು. ಎರಡನೇ ಸಿಸರ್ ಆಗ ಕೆಲಸಕ್ಕೆ ಬರುತ್ತೆ, ಅದಕ್ಕೇ ಎರಡೂ ಮಷಿನ್‌ಗಳನ್ನು ಒಂದೇ ಸಾಲಿನೊಳಗೆ ಒಂದರ ಹಿಂದೊಂದು ನಿಲ್ಲಿಸಬೇಡಿ.

ಸೈಟ್_ಎಂಜಿನಿಯರ್_ದೇವನಹಳ್ಳಿ

ಸಿಸರ್‌ನಲ್ಲಿ ಹಾರ್ನೆಸ್ (ಮೈಗೆ ಕಟ್ಟುವ ಸುರಕ್ಷತಾ ಪಟ್ಟಿ) ಕಡ್ಡಾಯವೇ? ನಮ್ಮ ಕ್ಲೈಂಟ್ ಎರಡಕ್ಕೂ ಕಡ್ಡಾಯ ಅಂತಾರೆ.

ಇಎಚ್‌ಎಸ್_ಬೊಮ್ಮಸಂದ್ರ

ಬೂಮ್‌ನಲ್ಲಿ ಹೌದು. ಚಕ್ರ ಸಣ್ಣ ಗುಂಡಿಗೆ ಇಳಿದರೂ ತೋಳಿನ ತುದಿಯಲ್ಲಿ ಅದು ದೊಡ್ಡ ಜರ್ಕ್ ಆಗಿ ಮನುಷ್ಯನನ್ನು ಹೊರಗೆ ಎಸೆಯುತ್ತದೆ. ಸಿಸರ್‌ನಲ್ಲಿ ಕಟಕಟೆಯೇ ಮುಖ್ಯ ರಕ್ಷಣೆ, ಹಾರ್ನೆಸ್ ಅಪಾಯದ ಅಂದಾಜಿನ ಮೇಲೆ. ಎರಡಕ್ಕೂ ಅನ್ವಯಿಸುವ ಮಾತು: ಲ್ಯಾನ್‌ಯಾರ್ಡ್ (ಹಾರ್ನೆಸ್‌ನಿಂದ ಆಂಕರ್‌ಗೆ ಕೊಕ್ಕೆ ಹಾಕುವ ಹಗ್ಗ) ಗಿಡ್ಡ ಇರಬೇಕು, ಅಡ್ಜಸ್ಟ್ ಮಾಡುವಂಥದ್ದು, ಕಟಕಟೆ ದಾಟಿ ಮೈ ಹೊರಗೆ ಹೋಗದ ಹಾಗೆ. 2 ಮೀಟರ್ ಲ್ಯಾನ್‌ಯಾರ್ಡ್ ಪೂರ್ತಿ ಬಿಟ್ಟು ಕೆಲಸ ಮಾಡಿದರೆ ಅವನು ಬಿದ್ದು ನೇತಾಡ್ತಾನೆ, ಬೀಳುವ ಜರ್ಕ್ ತಗ್ಗಿಸುವ ಎನರ್ಜಿ ಅಬ್ಸಾರ್ಬರ್ ಇದ್ದರೆ ಅದು ಇನ್ನೂ 1.75 ಮೀಟರ್‌ವರೆಗೆ ಬಿಚ್ಚಿಕೊಳ್ಳಬಹುದು. ಕೊಕ್ಕೆಯನ್ನು ಬಾಸ್ಕೆಟ್‌ನ ಆಂಕರ್ ಪಾಯಿಂಟ್‌ಗೆ ಮಾತ್ರ ಹಾಕಬೇಕು. ಪಕ್ಕದ ಟ್ರಸ್‌ಗೆ ಹಾಕಿದರೆ ಮಷಿನ್ ಇಳಿಯುವಾಗ ಅವನು ಅಲ್ಲೇ ಉಳಿಯುತ್ತಾನೆ.

ಹಾರ್ನೆಸ್ ಕೊಂಡವರು ರೆಸ್ಕ್ಯೂ ಬಗ್ಗೆ ಕೇಳುವುದಿಲ್ಲ. ನೇತಾಡುವವನನ್ನು ಇಳಿಸೋದು ಹೇಗೆ ಅನ್ನೋದಕ್ಕೆ ಉತ್ತರ ಇಲ್ಲದಿದ್ದರೆ ಹಾರ್ನೆಸ್ ಅರ್ಧ ಕೆಲಸ ಮಾತ್ರ ಮಾಡಿದ ಹಾಗೆ.

ರೋಪ್_ಆಕ್ಸೆಸ್_ವೈಟ್‌ಫೀಲ್ಡ್

ಆ ಉತ್ತರ ಇಲ್ಲಿದೆ. ಬಾಸ್ಕೆಟ್‌ನಿಂದ ಹೊರಗೆ ಬಿದ್ದು ಲ್ಯಾನ್‌ಯಾರ್ಡ್‌ನಲ್ಲಿ ಕೆಳಗೆ ತೂಗುತ್ತಿದ್ದಾನೆ ಅಂದುಕೊಳ್ಳಿ.

ಮಾತಾಡುತ್ತಿದ್ದರೆ ಮೊದಲ ಮಾತು: ಕಾಲು ಆಡಿಸ್ತಾ ಇರು. ಹಾರ್ನೆಸ್‌ನಲ್ಲಿ ಟ್ರಾಮಾ ಸ್ಟ್ರಾಪ್ ಇದ್ದರೆ ಎರಡೂ ಬದಿಯಿಂದ ಬಿಚ್ಚಿ, ಕೊಕ್ಕೆ ಸೇರಿಸಿ, ಕುಣಿಕೆಯಲ್ಲಿ ಪಾದ ಇಟ್ಟು ನಿಂತುಕೊಳ್ಳಬೇಕು. ತೊಡೆಯ ಪಟ್ಟಿಯ ಒತ್ತಡ ಇಳಿಯುತ್ತದೆ. ಹಾರ್ನೆಸ್‌ನ ಎರಡೂ ಬದಿ ಪೌಚ್‌ಗಳಲ್ಲಿ ಅದು ಇದೆಯೇ ಅಂತ ಪರ್ಮಿಟ್ ಕೊಡುವಾಗಲೇ ಮುಟ್ಟಿ ನೋಡಿ.

ಇಳಿಸುವವನು ಮೊದಲು ತಲೆ ಎತ್ತಿ ಅವನ ಮೈ ಎಲ್ಲಿದೆ ನೋಡಬೇಕು, ಬಾಸ್ಕೆಟ್ಟನ್ನಲ್ಲ. ಮೊದಲು ನೆಲ ಮುಟ್ಟೋದು ಅವನು, ಆಮೇಲೆ ಬಾಸ್ಕೆಟ್. ಕೆಳಗೆ ರ‍್ಯಾಕ್, ಮಷಿನ್‌ನ ಚಾಸಿ, ಸರಳು ಇದ್ದರೆ ನೇರ ಇಳಿಸಿದಾಗ ಅದರ ಮೇಲೆ ಕೂರಿಸಿಬಿಡ್ತೀರಿ. ಖಾಲಿ ಜಾಗದ ಕಡೆ ಸ್ಲೂ ಮಾಡಬೇಕಾದರೆ ತೀರಾ ನಿಧಾನವಾಗಿ. ತೂಗುವ ಮೈ ಲೋಲಕದ ಹಾಗೆ ಓಲಾಡಿ ಕಂಬಕ್ಕೆ ಹೊಡೆಯುತ್ತದೆ. ಅವನ ಸೊಂಟ ಕೈಗೆಟುಕುವಷ್ಟು ಕೆಳಗೆ ಬಂದಾಗ ನಿಲ್ಲಿಸಿ. ಇಬ್ಬರು ಅವನ ಸೊಂಟ, ತೊಡೆ ಹಿಡಿದುಕೊಳ್ಳಲಿ. ಅವರು ‘ಭಾರ ಬಂತು’ ಅಂದ ಮೇಲೆ ಮತ್ತಷ್ಟು ಇಳಿಸಿ. ಲ್ಯಾನ್‌ಯಾರ್ಡ್ ಸಡಿಲವಾದ ಮೇಲೆ ಮಾತ್ರ ಕೊಕ್ಕೆ ಬಿಚ್ಚಿ. ಚಾಕುವಿನಿಂದ ಕತ್ತರಿಸೋದು ಎಲ್ಲಕ್ಕಿಂತ ಕೊನೆಯ ಉಪಾಯ. ಬಿಗಿಯಾದ ಪಟ್ಟಿಗೆ ಚಾಕು ತಾಗಿದರೆ ಸಾಕು, ಒಮ್ಮೆಗೇ ಹರಿಯುತ್ತದೆ, ಪಕ್ಕದ ಪಟ್ಟಿಯೂ ಹೋಗಬಹುದು. ಅವನು ಈಚೆ ಬರುವ ತನಕ ಬಾಸ್ಕೆಟ್‌ನ ನೆರಳಿನ ಕೆಳಗೆ ಬೇರೆ ಯಾರೂ ನಿಲ್ಲಬಾರದು.

ಪ್ರಥಮ_ಚಿಕಿತ್ಸೆ_ತರಬೇತಿ

ಇಳಿಸಿದ ಮೇಲಿನದ್ದು ನಾನು ಹೇಳ್ತೀನಿ, ಯಾಕಂದರೆ ಹಳೆಯ ಸಲಹೆ ಇನ್ನೂ ಪೋಸ್ಟರ್‌ಗಳಲ್ಲಿ ಓಡಾಡ್ತಿದೆ.

ನೇತಾಡಿ ಬಂದವನನ್ನು ಕೂರಿಸಿ ಇಡಬೇಕು, ಮಲಗಿಸಿದರೆ ಕಾಲಿನ ರಕ್ತ ಹೃದಯಕ್ಕೆ ನುಗ್ಗಿ ಸಾಯ್ತಾನೆ ಅಂತ ವರ್ಷಗಟ್ಟಲೆ ಕಲಿಸಿದರು. ಬ್ರಿಟನ್ನಿನ ಕೆಲಸದ ಸುರಕ್ಷತೆ ನೋಡುವ ಸರ್ಕಾರಿ ಸಂಸ್ಥೆ ಎಚ್‌ಎಸ್‌ಇ 2009ರಲ್ಲಿ ಪುರಾವೆಗಳನ್ನು ಪರಿಶೀಲಿಸಿ ಆ ಸಲಹೆಗೆ ಆಧಾರ ಇಲ್ಲ ಅಂದಿತು. ಪ್ರಜ್ಞೆ ತಪ್ಪಿದವನನ್ನು ಕೂರಿಸಿದರೆ ಶ್ವಾಸನಾಳ ಮುಚ್ಚುವ, ಮೆದುಳಿಗೆ ರಕ್ತ ಕಡಿಮೆಯಾಗುವ ಅಪಾಯವೇ ಹೆಚ್ಚು. ಮಾಮೂಲಿ ಕ್ರಮವೇ ಸರಿ: ಸಮತಟ್ಟಾಗಿ ಮಲಗಿಸಿ, ಉಸಿರಾಟ ನೋಡಿ, ಉಸಿರಿದ್ದು ಪ್ರಜ್ಞೆ ಇಲ್ಲದಿದ್ದರೆ ಪಕ್ಕಕ್ಕೆ ಹೊರಳಿಸಿ, ಉಸಿರಿಲ್ಲದಿದ್ದರೆ ಸಿಪಿಆರ್. ಬಿದ್ದ ಪೆಟ್ಟಿನಿಂದ ಕುತ್ತಿಗೆಗೆ ಏಟಾಗಿರಬಹುದು ಅನ್ನೋದು ನೆನಪಿರಲಿ, ತಲೆ ಎಳೆದಾಡಬೇಡಿ. ಎದ್ದು ಕೂತು ‘ಏನೂ ಆಗಿಲ್ಲ, ಟೀ ಕುಡೀತೀನಿ’ ಅಂದರೂ ಆಸ್ಪತ್ರೆಗೆ ಕಳಿಸಿ, ಎಷ್ಟು ಹೊತ್ತು ನೇತಾಡಿದ್ದ ಅನ್ನೋದನ್ನು ಬರೆದು ಕೊಡಿ.

ಅಲ್ಲಾಡದೆ ನೇತಾಡಿದರೆ ಕೆಲವೇ ನಿಮಿಷದಲ್ಲಿ ಪ್ರಜ್ಞೆ ತಪ್ಪಬಹುದು. ನಿಮಿಷ ಎಣಿಸಿಕೊಂಡು ಪ್ಲಾನ್ ಬರೆಯಬೇಡಿ. ಆದಷ್ಟು ಬೇಗ ಇಳಿಸುವ ವ್ಯವಸ್ಥೆ ಕೈಗೆಟುಕುವಂತೆ ಇರಲಿ, ಅಷ್ಟೇ.

108ಕ್ಕೆ ಕರೆ ಮಾಡುವವನ ಕೈಗೆ ಒಂದು ಚೀಟಿ ಕೊಡಿ: ಗೋದಾಮಿನ ಹೆಸರು, ಎಷ್ಟನೇ ಗೇಟು, ಹೆದ್ದಾರಿಯಿಂದ ಯಾವ ಪೆಟ್ರೋಲ್ ಬಂಕ್ ಅಥವಾ ದೇವಸ್ಥಾನದ ಪಕ್ಕ ತಿರುಗಬೇಕು. ದೊಡ್ಡ ಲಾಜಿಸ್ಟಿಕ್ಸ್ ಪಾರ್ಕ್‌ಗಳಲ್ಲಿ ಆಂಬುಲೆನ್ಸ್ ಗೇಟ್ ಹತ್ತಿರ ಬಂದು ಒಳಗೆ ದಾರಿ ಹುಡುಕುತ್ತಾ ಸುತ್ತುತ್ತದೆ. ಗೇಟಿಗೆ ಒಬ್ಬನನ್ನು ಓಡಿಸಿ. ಸೆಕ್ಯೂರಿಟಿಯವರು ಗಾಡಿ ತಡೆದು ರಿಜಿಸ್ಟರ್ ಬರೆಸಿಕೊಳ್ಳದ ಹಾಗೆ ಅವರಿಗೂ ಮೊದಲೇ ಹೇಳಿರಬೇಕು.

ಫಸಾಡ್_ಔಟರ್‌ರಿಂಗ್

ಎರಡನೇ ಮಷಿನ್ ವಿಷಯ ಎಲ್ಲರೂ ಒಂದು ವಾಕ್ಯದಲ್ಲಿ ಮುಗಿಸ್ತಿದ್ದೀರಿ. ‘ಬೇಕಾದರೆ ಇನ್ನೊಂದು ಬೂಮ್ ತರಿಸುತ್ತೇವೆ’ ಅಂತ ಬರೆದಿದ್ದರೆ ಕೇಳಿ: ಎಲ್ಲಿಂದ, ಎಷ್ಟು ಹೊತ್ತಿಗೆ, ಎಷ್ಟು ಎತ್ತರದ್ದು? 60 ಅಡಿಯಲ್ಲಿ ನಿಂತವನಿಗೆ 45 ಅಡಿಯ ಬೂಮ್ ಉಪಯೋಗಕ್ಕೆ ಬರಲ್ಲ. ಹಗಲು ಹೊತ್ತಿನಲ್ಲಿ ಟ್ರೇಲರ್‌ಗೆ ನಗರದೊಳಗೆ ಪ್ರವೇಶದ ತೊಂದರೆ ಬೇರೆ.

ಭಾರದ ಲೆಕ್ಕ ಇನ್ನೊಂದು. 45 ಅಡಿ ದರ್ಜೆಯ ಬೂಮ್‌ನ ಬಾಸ್ಕೆಟ್‌ಗೆ ಸಾಮಾನ್ಯವಾಗಿ 227 ಕೆಜಿ. ಆಪರೇಟರ್ 75, ಸಹಾಯಕ 75, ಸಿಕ್ಕಿಕೊಂಡವನು 80, ಅಷ್ಟಕ್ಕೇ 230, ಹಾರ್ನೆಸ್, ಸಲಕರಣೆ ಲೆಕ್ಕಕ್ಕೇ ಬಂದಿಲ್ಲ. ಅಂದರೆ ರಕ್ಷಣೆಗೆ ಹೋಗುವವನು ಒಬ್ಬನೇ ಆಗಬೇಕು, ಬಾಸ್ಕೆಟ್‌ನಲ್ಲಿರುವ ಡ್ರಿಲ್, ಆಂಕರ್ ಡಬ್ಬ ಎಲ್ಲ ಕೆಳಗೆ ಇಳಿಸಿರಬೇಕು. ದಾಟಿಸುವಾಗ ಎರಡೂ ಬಾಸ್ಕೆಟ್‌ಗಳು ಸಮ ಎತ್ತರದಲ್ಲಿ, ನಡುವೆ ಸಂದಿ ಆದಷ್ಟು ಕಡಿಮೆ. ಎರಡೂ ಮಷಿನ್‌ಗಳ ಕೆಂಪು ಬಟನ್ ಒತ್ತಿರಬೇಕು. ರೆಸ್ಕ್ಯೂ ಬಾಸ್ಕೆಟ್‌ನ ಆಂಕರ್‌ನಿಂದ ಎರಡನೇ ಲ್ಯಾನ್‌ಯಾರ್ಡ್ ಅವನ ಹಾರ್ನೆಸ್‌ಗೆ ಹಾಕಿದ ಮೇಲೆಯೇ ಮೊದಲನೆಯದನ್ನು ಬಿಚ್ಚಬೇಕು. ಅವನು ಯಾವ ಕ್ಷಣದಲ್ಲೂ ಕೊಕ್ಕೆ ಇಲ್ಲದೆ ಇರಬಾರದು.

ಹೊರಗಡೆ ಕೆಲಸವಾದರೆ ಗಾಳಿ. ಹೊರಾಂಗಣ ಮಷಿನ್‌ಗಳ ಮಿತಿ ಸಾಮಾನ್ಯವಾಗಿ 12.5 ಮೀಟರ್ ಪ್ರತಿ ಸೆಕೆಂಡಿಗೆ, ಒಳಾಂಗಣಕ್ಕೆ ಮಾತ್ರ ಅಂತ ಬರೆದಿದ್ದರೆ ಸೊನ್ನೆ. ಏಪ್ರಿಲ್, ಮೇ ತಿಂಗಳ ಸಂಜೆ ಮಳೆಗೆ ಮುಂಚೆ ಬೆಂಗಳೂರಲ್ಲಿ ಗಾಳಿ ದಿಢೀರನೆ ಏಳುತ್ತೆ. ರೆಸ್ಕ್ಯೂ ಮಷಿನ್‌ಗೂ ಅದೇ ಮಿತಿ ಅನ್ವಯ. ಗಾಳಿ ಮೀಟರ್ ಬಾಸ್ಕೆಟ್‌ನ ಎತ್ತರದಲ್ಲಿ ಓದಬೇಕು, ನೆಲದಲ್ಲಿ ಓದಿದ್ದು ಸಾಲದು.

ಲೈನ್_ಕೆಲಸ

ಹೊರಗಡೆ ಅಂದಿದ್ದಕ್ಕೆ ಕರೆಂಟ್ ಬಗ್ಗೆಯೂ ಹೇಳಿಬಿಡ್ತೀನಿ, ಇಲ್ಲಿ ಮೇಲಿನ ಕ್ರಮವೆಲ್ಲ ತಲೆಕೆಳಗು. ಬೂಮ್ 11 ಕೆವಿ ತಂತಿಗೆ ತಾಗಿದ್ದರೆ ಕೆಳಗಿನವನು ಗ್ರೌಂಡ್ ಕಂಟ್ರೋಲ್ ಮುಟ್ಟಲೇಬಾರದು. ಮುಟ್ಟಿದರೆ ಕರೆಂಟ್ ಅವನ ಮೂಲಕ ಭೂಮಿಗೆ ಹೋಗುತ್ತೆ. ಟೈರ್ ರಬ್ಬರ್ ತಾನೇ ಅಂತ ನಂಬಬೇಡಿ. ಕನಿಷ್ಠ 10 ಮೀಟರ್ ದೂರ ಸರಿದು ನಿಂತು ಬೆಸ್ಕಾಂನ 1912ಕ್ಕೆ ಕರೆ ಮಾಡಿ, ಕಂಬದ ನಂಬರ್ ಅಥವಾ ಹತ್ತಿರದ ಟ್ರಾನ್ಸ್‌ಫಾರ್ಮರ್ ಗುರುತು ಹೇಳಿ. ಮೇಲಿನವನು ಸಾಧ್ಯವಾದರೆ ತಾನೇ ತಂತಿಯಿಂದ ಬಾಸ್ಕೆಟ್ ಸರಿಸಲಿ, ಆಗದಿದ್ದರೆ ಏನನ್ನೂ ಮುಟ್ಟದೆ ಅಲ್ಲೇ ಇರಲಿ. ಲೈನ್ ಆಫ್ ಆದ ಹಾಗೆ ಕಂಡರೂ ನಂಬಬಾರದು. ಟ್ರಿಪ್ ಆದ ಲೈನ್ ತಾನಾಗಿ ಮತ್ತೆ ಚಾರ್ಜ್ ಆಗಬಹುದು. ಇಲಾಖೆಯವರು ಬಂದು ಬಾಯಿಬಿಟ್ಟು ಹೇಳಿದ ಮೇಲೆಯೇ ಹತ್ತಿರ ಹೋಗಿ.

ಬೀದಿದೀಪ, ಮರದ ಕೊಂಬೆ ಕೆಲಸದ ಬಕೆಟ್ ಲಾರಿಗಳಿಗೆ ಇನ್ನೊಂದು ಮಾತು. ಬಕೆಟ್ ಮೇಲಿದ್ದಾಗ ಚಾಲಕ ಎಂಜಿನ್ ಆಫ್ ಮಾಡಿ ಟೀ ಅಂಗಡಿಗೆ ಹೋದರೆ ಪಿಟಿಒ (ಎಂಜಿನ್ನಿನಿಂದ ಪಂಪ್‌ಗೆ ಶಕ್ತಿ ಕೊಡುವ ಜೋಡಣೆ) ನಿಂತು ಹೈಡ್ರಾಲಿಕ್ ಇಲ್ಲ. ಕೈಪಂಪ್ ಎಲ್ಲಿದೆ, ಅದರ ಹಿಡಿಕೆ ಲಾರಿಯಲ್ಲಿ ಇದೆಯೇ, ಯಾವ ವಾಲ್ವ್ ತೆರೆಯಬೇಕು ಅಂತ ಚಾಲಕನ ಜೊತೆ ಇನ್ನೊಬ್ಬನಿಗೂ ಗೊತ್ತಿರಬೇಕು.

ಪೀಣ್ಯ_ಮೇಂಟೆನೆನ್ಸ್

ಟೀ ಅಂದಿದ್ದಕ್ಕೆ ನೆನಪಾಯಿತು. ಕೆಳಗೆ ನಿಂತವನನ್ನು ಸೂಪರ್‌ವೈಸರ್ ‘ಹೋಗಿ ಪೈಪ್ ಕ್ಲ್ಯಾಂಪ್ ತಗೊಂಬಾ’ ಅಂತ ಕಳಿಸೋದು ತಪ್ಪಿಸೋದು ಹೇಗೆ?

ಇಎಚ್‌ಎಸ್_ಬೊಮ್ಮಸಂದ್ರ

ಅವನು ಜಾಗ ಬಿಟ್ಟರೆ ಬಾಸ್ಕೆಟ್ ಕೆಳಗೆ. ಊಟ, ಟೀ, ಮೂತ್ರ, ಯಾವುದಕ್ಕೇ ಆಗಲಿ. ಬದಲಿ ಮನುಷ್ಯ ಬಂದರೆ ಅವನೂ ಆ ದಿನ ಇಳಿಸಿ ತೋರಿಸಿದವನೇ ಆಗಿರಬೇಕು. ಬೇರೆ ಬಣ್ಣದ ವೆಸ್ಟ್ ಹಾಕಿಸಿ, ಆಗ ಇವನನ್ನು ಕೆಲಸಕ್ಕೆ ಕಳಿಸಬಾರದು ಅನ್ನೋದು ದೂರದಿಂದಲೇ ಕಾಣುತ್ತೆ. ಒಬ್ಬನಿಗೆ ಒಂದೇ ಮಷಿನ್; ಎರಡು ಸಾಲುಗಳಲ್ಲಿ ಎರಡು ಸಿಸರ್ ಇದ್ದರೆ ಇಬ್ಬರು.

ಭಾಷೆಯನ್ನೂ ನೋಡಿ. ಮೇಲಿನವನು ಒಡಿಯಾ ಅಥವಾ ಬಂಗಾಳಿ, ಕೆಳಗಿನವನು ಕನ್ನಡ, ಸೂಪರ್‌ವೈಸರ್ ಹಿಂದಿ ಅನ್ನೋದು ನಮ್ಮ ಸೈಟ್‌ಗಳ ವಾಸ್ತವ. ನಿಲ್ಲು, ಇಳಿಸು, ಕೈ ಒಳಗೆ, ಈ ಮೂರಕ್ಕೆ ಒಪ್ಪಿಕೊಂಡ ಪದ ಮತ್ತು ಕೈಸನ್ನೆ ಬೆಳಗ್ಗೆ ಟೂಲ್‌ಬಾಕ್ಸ್ ಮಾತಿನಲ್ಲೇ (ಕೆಲಸಕ್ಕೆ ಮುಂಚಿನ ಚಿಕ್ಕ ಸುರಕ್ಷತಾ ಸಭೆಯಲ್ಲಿ) ಆಗಬೇಕು. ಗದ್ದಲ ಇದ್ದರೆ ಶಿಳ್ಳೆ.

ಐಪಿಎಎಫ್‌ನ ಪಾಲ್ ಕಾರ್ಡ್ ತೋರಿಸಿದರೂ ಅದು ಐದು ವರ್ಷ ಚಾಲ್ತಿಯಲ್ಲಿರುವ ತರಬೇತಿ ದಾಖಲೆ. ಇವತ್ತು ಬಂದ ಈ ಮಾಡೆಲ್‌ನ ಪರಿಚಯ ಬೇರೆಯಾಗಿ ಆಗಬೇಕು.

ಹೊಸಕೋಟೆ_ಗೋದಾಮು

ತುಂಬಾ ಉಪಕಾರ. ಇದನ್ನೆಲ್ಲ ಇಟ್ಟುಕೊಂಡು ಕಾಂಟ್ರಾಕ್ಟರ್‌ಗೆ ಕಳಿಸುವ ಕರಡು ಹೀಗಿದೆ, ತಪ್ಪಿದ್ದರೆ ತಿದ್ದಿ.

ಪ್ರತಿ ಮಷಿನ್‌ಗೆ ಒಂದು ಹಾಳೆ, ಮಷಿನ್ ಮೇಲೇ ಅಂಟಿಸಿದ್ದು. ಮೇಲೆ ಮಾಡೆಲ್, ಭಾರದ ಮಿತಿ, ಅವತ್ತಿನ ಗ್ರೌಂಡ್ ರೆಸ್ಕ್ಯೂ ವ್ಯಕ್ತಿಯ ಹೆಸರು, ಬದಲಿಯ ಹೆಸರು. ಪ್ಯಾನೆಲ್‌ನ ಫೋಟೊ, ಅದರ ಮೇಲೆ 1, 2, 3, 4 ಅಂತ ಬಾಣದ ಗುರುತು: ಒತ್ತು, ಕೀ, ಎಳೆ, ಇಳಿಸು. ಸಿಸರ್‌ಗೆ ಹಿಡಿಕೆಯ ಫೋಟೊ. ಮುಚ್ಚಳದ ಬೀಗ ಬೆಳಗ್ಗೆ ತೆಗೆದು ಆಫೀಸಿಗೆ ಒಪ್ಪಿಸೋದು. ಕರೆ ಮಾಡುವವನು, ಗೇಟಿಗೆ ಓಡುವವನು ಬೇರೆ ಬೇರೆ. ಶಿಫ್ಟ್ ಶುರುವಿನಲ್ಲಿ ಆಕ್ಸಿಲರಿಯಲ್ಲಿ ಪೂರ್ತಿ ಇಳಿಸಿ ಸಹಿ. ಬೂಮ್ ಕೆಲಸ ಮಾಡುವ ಸಾಲಿಗೆ ಎಟುಕುವ ಜಾಗದಲ್ಲಿ ಒಂದು ಸಿಸರ್ ಖಾಲಿ, ಚಾರ್ಜ್ ಆಗಿ ನಿಂತಿರಬೇಕು. ವಾರಕ್ಕೊಮ್ಮೆ ಅಭ್ಯಾಸ.

ಬೂಮ್_ಮೆಕ್ಯಾನಿಕ್

ಚೆನ್ನಾಗಿದೆ. ಎರಡು ತಿದ್ದುಪಡಿ. ನಿಮ್ಮದು ಎಲೆಕ್ಟ್ರಿಕ್ ಸಿಸರ್, ಆದ್ದರಿಂದ ಚಾರ್ಜರ್ ಪ್ಲಗ್ ಹಾಕಿದ್ದರೆ ಓಡಿಸೋಕೆ ಆಗಲ್ಲ. ಪ್ಲಗ್ ತೆಗೆಯೋದನ್ನೂ ಹಾಳೆಯಲ್ಲಿ ಸೇರಿಸಿ. ಎರಡನೆಯದು, 32 ಅಡಿ ಸಿಸರ್‌ನ ಡೆಕ್ 9.75 ಮೀಟರ್ ಎತ್ತರಕ್ಕೆ ಹೋಗುತ್ತೆ, ಆದರೆ ನೇರ ಮೇಲಕ್ಕೆ ಮಾತ್ರ. ಬೂಮ್ ರ‍್ಯಾಕ್ ದಾಟಿ ಆಚೆ ಚಾಚಿ ಕೆಲಸ ಮಾಡುವಾಗ ಸಿಸರ್ ಅಲ್ಲಿಗೆ ಎಟುಕಲ್ಲ. ಅಂಥ ಜಾಗಗಳನ್ನು ಈಗಲೇ ನಕ್ಷೆಯಲ್ಲಿ ಗುರುತಿಸಿ. ಅಲ್ಲಿ ಎರಡನೇ ಬೂಮ್ ಸೈಟಲ್ಲಿ ಇಲ್ಲದೆ ಕೆಲಸ ಬೇಡ.

ರೋಪ್_ಆಕ್ಸೆಸ್_ವೈಟ್‌ಫೀಲ್ಡ್

ಅಭ್ಯಾಸಕ್ಕೆ ಜೀವಂತ ಮನುಷ್ಯನನ್ನು ನೇತುಹಾಕಬೇಡಿ. 80 ಕೆಜಿ ಮರಳಿನ ಚೀಲಕ್ಕೆ ಹಾರ್ನೆಸ್ ಹಾಕಿ, ಬಾಸ್ಕೆಟ್‌ನ ಆಂಕರ್‌ಗೆ ಕಟ್ಟಿ, ನೆಲದಲ್ಲೇ ಇರಿಸಿ ನಿಧಾನವಾಗಿ ಎತ್ತಿ ನೇತಾಡಿಸಿ. ಇಷ್ಟು ಭಾರವನ್ನು ಹಾಗೆ ತೂಗಿಸಬಹುದೇ ಅಂತ ಮೊದಲು ಬಾಡಿಗೆ ಕಂಪನಿಯಿಂದ ಲಿಖಿತ ಒಪ್ಪಿಗೆ ತಗೊಳ್ಳಿ. ಒಪ್ಪದಿದ್ದರೆ ಹಗುರ ಚೀಲದಲ್ಲೇ ಕ್ರಮ ಕಲಿಸಿ.

ಹೊಸಕೋಟೆ_ಗೋದಾಮು

ಸೇರಿಸ್ತೀನಿ. ರಾತ್ರಿ ಪಾಳಿಯೂ ಇದೆ, ಅವರಿಗೂ ಇದೇ ಹಾಳೆ ಸಾಕಾ?

ರ‍್ಯಾಕಿಂಗ್_ನೆಲಮಂಗಲ

ಹಾಳೆ ಅದೇ, ಹೆಸರು ಬೇರೆ. ಹಗಲಿನವನು ಇಳಿಸಿ ತೋರಿಸಿದ್ದು ರಾತ್ರಿಯವನಿಗೆ ಲೆಕ್ಕಕ್ಕಿಲ್ಲ, ಅವನೂ ತನ್ನ ಪಾಳಿಯ ಶುರುವಿನಲ್ಲಿ ಮಾಡಬೇಕು. ಪ್ಯಾನೆಲ್ ಹತ್ತಿರ ಒಂದು ಹೆಡ್‌ಲ್ಯಾಂಪ್ ಕಟ್ಟಿಡಿ. ರ‍್ಯಾಕ್ ಸಾಲಿನ ಲೈಟ್‌ಗಳು ಮೋಷನ್ ಸೆನ್ಸರ್‌ನಲ್ಲಿದ್ದರೆ ಕೆಲಸ ಮುಗಿಯೋ ತನಕ ಸೆನ್ಸರ್ ಬೈಪಾಸ್ ಮಾಡಿಸಿ. ಕೆಳಗಿನವನು ಅಲ್ಲಾಡದೆ ನಿಂತಿದ್ದಾಗ ಅವು ಆರಿಹೋಗುತ್ತವೆ.